ಮುರಿದ ಸೂಜಿಗೆ ಎರಡು ತುಂಡು

ಕೌದಿ ಹೊಲಿಯಲು ಹೊಸದಾಗಿ ಕಲಿಯುವವರಿಗೆ ಏನೇನು ಸಾಮಾನು ಬೇಕು ಅಂತ ಈಗ ಯಾರಾದರೂ ಕೇಳಿದರೆ ಆರು ವಸ್ತು ಹೇಳುತ್ತೇನೆ. ಮೊದಲ ಸಲ ಕೇಳಿದಾಗ ಹದಿನೆಂಟು ಹೇಳಿದ್ದೆ, ಹದಿನೆಂಟನ್ನೂ ತಂದಿದ್ದೆ. ಆ ಹದಿನೆಂಟರಲ್ಲಿ ಈಗಿನ ಆರನೆಯದು ಇರಲಿಲ್ಲ. ಅದು ಇಲ್ಲದ್ದಕ್ಕೆ ಒಂದು ಮಧ್ಯಾಹ್ನ ಮನೋಳಿಯಿಂದ ಸವದತ್ತಿಗೆ ಜೀವ ಕೈಯಲ್ಲಿ ಹಿಡಿದು ಗಾಡಿ ಹೊಡೆಯಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೋಳಿಯ ಹೆಂಗಸರ ಸಂಘದ ಅಧ್ಯಕ್ಷೆ ಬೈಲಹೊಂಗಲದ ನನ್ನ ಹೊಲಿಗೆ ಅಂಗಡಿಗೆ ಬಂದು ಕೆಲಸ ಹೇಳಿದ್ದರು. ಸವದತ್ತಿಯ ಒಂದು ಹೆರಿಗೆ ಆಸ್ಪತ್ರೆಯ ಡಾಕ್ಟರ್ ಬಾಯಿಯವರು, ತಮ್ಮಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಕೈಹೊಲಿಗೆಯ ಒಂದು ಕೌದಿ ಕೊಡಬೇಕು ಅಂತ ಮನಸ್ಸು ಮಾಡಿದ್ದರು. ಮೊದಲು ಹನ್ನೆರಡು. ಅವು ಪಸಂದ ಬಿದ್ದರೆ ಪ್ರತಿ ತಿಂಗಳೂ ಕೆಲಸ. ಸಂಘದಲ್ಲಿ ಹನ್ನೆರಡು ಹೆಂಗಸರು ತಯಾರಿದ್ದರು, ಆದರೆ ಒಬ್ಬಳೂ ಕೌದಿ ಹೊಲಿದವಳಲ್ಲ. ಅವರ ಅತ್ತೆಯಂದಿರ ಕಾಲಕ್ಕೇ ಮನೆಮನೆಗೆ ಸೋಲಾಪುರದ ಚಾದರ ಬಂದು, ಕೌದಿ ಟ್ರಂಕಿನ ತಳಕ್ಕೆ ಹೋಗಿತ್ತು.

"ಸಾಮಾನು ನೀವ ತರ್ರಿ ಮಾಸ್ತರ. ಕೈಹೊಲಿಗಿ ಟಾಕಿ ಹಾಕೂದು ಕಲಸಾಕ ಸಿರಸಂಗಿಯಿಂದ ಒಬ್ಬಾಕಿ ಆಯಿ ಬರ್ತಾಳ. ಹದಿನೈದು ದಿನ ಇಬ್ರೂ ಕೂಡಿ ಕಲಸ್ರಿ," ಅಂದರು.

ನಾನು ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು ಕತ್ತರಿ ಹಿಡಿದವನು. ನನ್ನ ಹತ್ತಿರ ಏನಿದೆಯೋ ಅದೆಲ್ಲ ಈ ಎರಡು ಕೈ ಗಳಿಸಿದ್ದು. ಸೂಜಿಯ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವ ರೂಢಿ ನನಗಿರಲಿಲ್ಲ. ಬೆಳಗಾವಿಯ ಪೇಟೆಯಲ್ಲಿ ಇಡೀ ದಿನ ತಿರುಗಿ ಸಾಮಾನು ಆರಿಸಿದೆ. ಹತ್ತಿಂಚಿನ ಕತ್ತರಿ, ಅಳತೆ ಟೇಪು, ಗುರುತು ಹಾಕುವ ಖಡು, ಬೆರಳಿಗೆ ಹಾಕುವ ಉಕ್ಕಿನ ಅಂಗುಸ್ತಾನ, ಬಟ್ಟೆಗೆ ಚುಚ್ಚಿಡುವ ಟಾಚಣಿ, ಪಾಲಿಯೆಸ್ಟರ್ ನೂಲು. ಸೂಜಿ ಮಾತ್ರ ಅಂಗಡಿಯಲ್ಲಿದ್ದುದರಲ್ಲೇ ಚಂದನೆಯದು ತಂದೆ. ಉದ್ದ, ನಾಜೂಕು, ನೂಲು ಪೋಣಿಸುವ ಕಣ್ಣಿಗೆ ಬಂಗಾರದ ಬಣ್ಣ.

ಮೊದಲ ದಿನ ಅಧ್ಯಕ್ಷೆಯ ಮನೆಯ ಪಡಸಾಲೆಯಲ್ಲಿ ಅದನ್ನೆಲ್ಲ ಸಾಲಾಗಿ ಹರವಿದೆ. ಮದುವೆಯಲ್ಲಿ ಆಯೇರಿಯ ಉಡುಗೊರೆ ನೋಡಿದ ಹಾಗೆ ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಸಿರಸಂಗಿಯ ಆಯಿ ಕಂಬಕ್ಕೆ ಒರಗಿ ಕುಂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಕಣ್ಣು ಮಾತ್ರ ಗಿಡುಗನದು. ತನ್ನ ಗಂಟು ಬಿಚ್ಚಿದಳು. ಕೆಂಪು ಬಟ್ಟೆಯ ಸುರುಳಿಗೆ ಚುಚ್ಚಿದ ನಾಲ್ಕು ಸೂಜಿ, ಹತ್ತಿಯ ನೂಲು, ಅಂಗೈಯಗಲದ ಕತ್ತರಿ, ಕರ್ರಗಾದ ಜೇನುಮೇಣದ ಉಂಡೆ, ಬೆರಳಿಗೆ ಸುತ್ತುವ ಹಳೆಯ ಚರ್ಮದ ಪಟ್ಟಿ. ಒಂದು ಸಣ್ಣ ಸ್ಟೀಲ್ ಡಬ್ಬಿಯೂ ಇತ್ತು. ಎಲೆ-ಅಡಿಕೆಯದು ಇರಬೇಕು ಅಂತ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಇಷ್ಟ ಏನಬೇ ಆಯಿ?" ಅಂದೆ.

"ಇಷ್ಟ. ಉಳಿದದ್ದು ಕಣ್ಣು," ಅಂದಳು.

ಮೂರು ದಿನಕ್ಕೆ ನನ್ನ ಸಾಮಾನು ಒಂದೊಂದಾಗಿ ಮೂಲೆ ಸೇರಿತು. ಹತ್ತಿಂಚಿನ ಕತ್ತರಿ ಮೇಜಿನ ಮೇಲೆ ಕೆಲಸ ಮಾಡುವವರಿಗೆ ಸರಿ. ಇವರು ಕುಂತದ್ದು ನೆಲದ ಮೇಲೆ. ಅದನ್ನು ಎತ್ತಿ ಎತ್ತಿ ಹೆಬ್ಬೆರಳಿನ ಬುಡ ಬಾತುಕೊಂಡಿತು. ಉಕ್ಕಿನ ಅಂಗುಸ್ತಾನ ಗಂಡಸರ ಬೆರಳಿನ ಅಳತೆ, ಹೆಂಗಸರ ಬೆರಳಿನಿಂದ ಕಳಚಿ ಉರುಳುತ್ತಿತ್ತು. ನೂಲಿನ ವಿಷಯವಂತೂ ನನಗೆ ಗೊತ್ತಿರಬೇಕಿತ್ತು. ಪಾಲಿಯೆಸ್ಟರ್ ಗಟ್ಟಿ ನೂಲು, ಆದರೆ ಕೌದಿಯಲ್ಲಿ ಇರುವುದು ತೊಳೆದು ತೊಳೆದು ಮೆತ್ತಗಾದ ಹಳೆಯ ಸೀರೆ. ನಾಲ್ಕು ಸಲ ಒಗೆದರೆ ನೂಲು ಹಾಗೇ ಉಳಿದು ಬಟ್ಟೆ ಹರಿಯುತ್ತದೆ. ಹತ್ತಿಯ ನೂಲಿಗೆ ಮೇಣ ಹಚ್ಚಿ ಎಳೆದರೆ ನೂಲು, ಬಟ್ಟೆ ಎರಡೂ ಕೂಡಿ ಹಳೆಯವಾಗುತ್ತವೆ. ಟಾಚಣಿ ಡಬ್ಬಿಯನ್ನು ಆಯಿ ಮುಟ್ಟಲೂ ಬಿಡಲಿಲ್ಲ. ಪದರ ಜಾರದಂತೆ ಅಡ್ಡಡ್ಡ ಉದ್ದ ಟಾಕಿ ಹಾಕಿಸಿ, ಕೊನೆಗೆ ಅವನ್ನು ಎಳೆದು ತೆಗೆಸಿದಳು. ದಂಡೆಯಿಂದ ಸುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಸಾಲು. ನಡುವಿನಿಂದ ಹೊರಟರೆ ದಂಡೆಯಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ.

ಅಷ್ಟನ್ನೂ ನುಂಗಿಕೊಂಡೆ. ಸೂಜಿಯಲ್ಲಿ ಮಾತ್ರ ಸೋಲಲಿಲ್ಲ.

ಆಯಿ ನನ್ನ ಸೂಜಿಯೊಂದನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿದ್ದಳು. "ಮಾಸ್ತರ, ಇದು ಬಗ್ಗೂದಿಲ್ಲ. ಮುರೀತೈತಿ. ಐದು ಪದರದಾಗ ತಿರುವಿದ್ರ ಚಟ್ ಅಂತೈತಿ."

"ಇಪ್ಪತ್ತೆಂಟು ವರ್ಷ ಆತು ಆಯಿ, ಸೂಜಿ ಹಿಡದು."

"ನೀವೆಲ್ಲಿ ಹಿಡದೀರಿ? ನಿಮ್ಮ ಸೂಜಿ ಮಶೀನ್ ಹಿಡದೈತಿ."

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ನನಗೆ ಮೈ ಉರಿಯಿತು. ಆಯಿ ಇನ್ನೊಂದು ಮಾತು ಹೇಳಿದಳು: ಒಬ್ಬೊಬ್ಬರಿಗೆ ಒಂದೇ ಸೂಜಿ ಕೊಡಬೇಕು, ಸಂಜೆಗೆ ಎಣಿಸಿ ತೆಗೆದುಕೊಳ್ಳಬೇಕು. ನಾನು ಅವಳೆದುರೇ ಸೂಜಿಯ ಪಾಕೀಟನ್ನು ಹರಿದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. "ಯಾರಿಗೆ ಎಷ್ಟ ಬೇಕೋ ತಗೋರಿ. ನಾ ಸೂಜಿ ಎಣಿಸೋ ಮನಶ್ಯಾ ಅಲ್ಲ," ಅಂದೆ. ಅಲ್ಲಿಂದ ಹತ್ತು ದಿನ ಆ ಪಾಕೀಟು ಅಲ್ಲೇ ತೆರೆದು ಬಿದ್ದಿತ್ತು.

ಹದಿಮೂರನೇ ದಿನಕ್ಕೆ ಹನ್ನೆರಡೂ ಕೌದಿ ಮುಗಿದವು. ಕೊನೆಯ ಮೂಲೆಯಲ್ಲಿ ಆಯಿ ಎಲ್ಲರಿಂದಲೂ ನಾಲ್ಕು ಕಾಳು ಜೋಳ ಹಾಕಿಸಿ ಹೊಲಿಸಿದಳು. ಕೌದಿ ಹಸಿದ ಹೊಟ್ಟೆಯಲ್ಲಿ ಮನೆ ಬಿಡಬಾರದಂತೆ. ಮರುದಿನ ಬೆಳಿಗ್ಗೆ ಅಧ್ಯಕ್ಷೆ ಒಂದು ಕೌದಿ ಆರಿಸಿ, ತೋರಿಸಿ ಬರುತ್ತೇನೆ ಅಂತ ಬಸ್ಸಿನಲ್ಲಿ ಸವದತ್ತಿಗೆ ಹೋದರು. ಎಲ್ಲಕ್ಕಿಂತ ಸಣ್ಣ, ಸಾಲು ತಪ್ಪದ ಹೊಲಿಗೆ ಅದರದ್ದೇ ಇತ್ತು. ಹೊಲಿದವಳು ಸುರೇಬಾನದಿಂದ ಮನೋಳಿಗೆ ಕೊಟ್ಟ ಒಬ್ಬ ಸೊಸೆ. ಹದಿಮೂರು ದಿನದಲ್ಲಿ ಹದಿಮೂರು ಮಾತು ಆಡಿರಲಿಲ್ಲ.

ನಾನು ಪಡಸಾಲೆ ಗುಡಿಸಿ, ಉಳಿದ ಚೂರು ಬಟ್ಟೆಯನ್ನು ಚೀಲಕ್ಕೆ ತುಂಬುತ್ತಿದ್ದೆ. ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ಬಂಗಾರದ ಕಣ್ಣಿನ ಸೂಜಿ, ಮುರಿದದ್ದು. ಮಶೀನಿನಲ್ಲಿ ಸೂಜಿ ಮುರಿದರೆ ತುಂಡು ತಟ್ಟೆಯ ಮೇಲೆ ಬೀಳುತ್ತದೆ, ಊದಿ ಮುಂದಕ್ಕೆ ಹೋಗುತ್ತೇವೆ. ಆ ರೂಢಿಯಿಂದ ಅದನ್ನು ಹೊರಗೆ ಎಸೆಯಲು ಕೈ ಎತ್ತಿದ್ದೆ.

"ತುದಿ ಎಲ್ಲೈತಿ?" ಅಂದಳು ಆಯಿ.

ಇಡೀ ಸೂಜಿಯೊಂದನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಕಮ್ಮಿ ಇದ್ದದ್ದು ಎರಡು ಜೋಳದ ಕಾಳಿನಷ್ಟು ಉದ್ದ. ಬಗ್ಗದೆ ಮುರಿದ ಉಕ್ಕು, ತುದಿ ಹೊಸದರ ಹಾಗೆ ಚೂಪಾಗೇ ಇರುತ್ತದೆ. ಅದು ನೆಲದ ಮೇಲಿಲ್ಲ ಅಂದರೆ ಹನ್ನೆರಡರಲ್ಲಿ ಒಂದು ಕೌದಿಯ ಹೊಟ್ಟೆಯಲ್ಲಿದೆ. ಆ ಕೌದಿಯ ಮೇಲೆ ಮಲಗುವುದು ಒಂದು ದಿನದ, ಎರಡು ದಿನದ ಕೂಸು.

ಹೆಂಗಸರನ್ನು ಕರೆಸಿ ಕೇಳಿದೆ.

ಒಬ್ಬಳು ಸಿಡುಕಿದಳು. "ಯಾರ ಕೈ ಅದು, ಹೇಳಬಾರ್ದನ? ಒಬ್ಬಾಕಿ ಸಂಬಂಧ ಹನ್ನೆರಡು ಮಂದಿ ಹೆಸರು ಕೆಡಬೇಕನ?"

"ಹೆಂಗ ಹೇಳ್ತಾಳವಾ?" ಅಂದಳು ಇನ್ನೊಬ್ಬಳು. "ಕೂಸಿನ ಕೌದ್ಯಾಗ ಸೂಜಿ ಮುರದ್ರ ಆ ಕೈ ಚಲೋ ಅಲ್ಲ ಅಂತಾರ. ಮುಂದ ಆಕೀನ ತೊಟ್ಟಲಾ ಮುಟ್ಟಾಕ ಬಿಡ್ತಾರನು?"

ಆಯಿ ನನ್ನ ಕಡೆ ತಿರುಗಿದಳು. "ಮೊದಲ ಸವದತ್ತಿಗೆ ಫೋನ್ ಹಚ್ರಿ ಮಾಸ್ತರ."

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಫೋನು ಕೈಯಲ್ಲೇ ಇತ್ತು. ಹಚ್ಚಲಿಲ್ಲ. "ಇಲ್ಲಿ ಹನ್ನೊಂದು ಅದಾವ, ಅಲ್ಲಿ ಒಂದು. ಇಲ್ಲೇ ಸಿಕ್ರ ಅಲ್ಲಿ ಯಾಕ ಹೇಳೂದು?" ಅಂದೆ. ಲೆಕ್ಕ ಸರಿ ಅನ್ನಿಸಿತು. ಆ ಒಂದರ ಮೇಲೆ ಆಗಲೇ ಕೂಸು ಮಲಗಿರಬಹುದು ಅನ್ನುವುದನ್ನು ಮನಸ್ಸು ಬದಿಗೆ ಸರಿಸಿತು.

ಟ್ರ್ಯಾಕ್ಟರ್ ರಿಪೇರಿ ಅಂಗಡಿಯಿಂದ ಹಳೆಯ ಸ್ಪೀಕರಿನ ಚುಂಬಕ ತಂದೆ. ಮೊದಲು ಇಡೀ ಸೂಜಿಯೊಂದನ್ನು ಕೌದಿಯ ಕೆಳಗಿಟ್ಟು ಪರೀಕ್ಷೆ ಮಾಡಿದೆ. ಐದು ಪದರದ ಮೇಲಿಂದಲೂ ಚುಂಬಕ ಎಳೆಯಿತು. ನೆಲದ ಮೇಲೆ ಕೌದಿ ಹಾಸಿ, ಹೊಲ ಹರಗಿದ ಹಾಗೆ ಒಂದು ಕಡೆಯಿಂದ ಸಾಲು ಹಿಡಿದೆ. ನಾನು ಚುಂಬಕ ಎಳೆಯುವುದು, ಹಿಂದಿನಿಂದ ಆಯಿ ಮುಂಗೈಯ ಒಳಭಾಗ ಸವರುವುದು. ಅಂಗೈ ಕೆಲಸದಿಂದ ಜಡ್ಡುಗಟ್ಟಿರುತ್ತದೆ, ಮುಂಗೈಯ ತೆಳು ಚರ್ಮಕ್ಕೆ ಎಲ್ಲ ಗೊತ್ತಾಗುತ್ತದೆ ಅಂದಳು.

ನಾಲ್ಕನೇ ಕೌದಿಯಲ್ಲಿ ಬಟ್ಟೆ ಟಪ್ಪನೆ ಮೇಲೆದ್ದಿತು. ಹೊಲಿಗೆ ಬಿಚ್ಚಿದೆ. ಹಳೆಯ ಜಂಪರಿನ ಒಂದು ಹುಕ್ಕು. ಎಂಟನೆಯದರಲ್ಲೂ ಅದೇ, ಇನ್ನೊಂದು ಹುಕ್ಕು. ಹನ್ನೊಂದು ಮುಗಿದಾಗ ಗಂಟೆ ಒಂದೂವರೆ ದಾಟಿತ್ತು. ಸೂಜಿಯ ತುದಿ ಇರಲಿಲ್ಲ.

ಆಗ ಫೋನು ಹಚ್ಚಿದೆ. ಅಧ್ಯಕ್ಷೆಯ ಫೋನು ಸ್ವಿಚ್ ಆಫ್. ಆಸ್ಪತ್ರೆಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಗಾಡಿಯ ಕೀಲಿ ತೆಗೆದುಕೊಂಡು ಹೊರಗೆ ಓಡಿದೆ.

ಅಂಗಳದ ಬಾಗಿಲಲ್ಲಿ ಆ ಸುರೇಬಾನದ ಸೊಸೆ ನಿಂತಿದ್ದಳು. ಮುಖ ನೆಲಕ್ಕೆ.

"ಅದು ನಂದ ಕೌದಿರಿ," ಅಂದಳು. "ಹಸರು ತುಂಡಿನ ಬುಡಕ, ನಡುವಿನಿಂದ ಮೂರನೇ ಸಾಲು. ಮುರದಾಗ ಭಾಳ ಹುಡುಕಿದೆ, ಸಿಗಲಿಲ್ಲ. ಪಾಕೀಟು ತೆರದ ಇತ್ತಲ್ರಿ, ಇನ್ನೊಂದು ತಗೊಂಡು ಹೊಲದೆ."

"ಮತ್ತ ಮುಂಜಾನೆ ಅದನ್ನ ಒಯ್ಯುಮುಂದರ ಹೇಳಬಾರ್ದನವಾ?"

"ಎರಡ ಸರ್ತಿ ಹೊಟ್ಟ್ಯಾಗ ನಿಂತದ್ದು ಉಳೀಲಿಲ್ರಿ ನನಗ," ಅಂದಳು. "ಮನ್ಯಾಗ ಮೊದಲ ನನ್ನ ಕೈ ಚಲೋ ಅಲ್ಲ ಅಂತಾರ. ಇದೊಂದು ಕೂಡಿದ್ರ ಯಾರೂ ನನ್ನ ಕೈಲೆ ಕೂಸಿನ ಅರಿವಿ ಮುಟ್ಟಸಂಗಿಲ್ಲ."

ಬೈಯಲು ಬಾಯಿ ತೆರೆದಿದ್ದೆ. ಪಾಕೀಟು ತೆರೆದಿಟ್ಟವನು ನಾನು.

ಹಿಂದೆ ಆಯಿ ಗಂಟು ಕಂಕುಳಲ್ಲಿ ಹಿಡಿದು ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ನಡೀರಿ, ನಾ ಹಿಂದ ಕುಂಡರ್ತೇನಿ."

"ಆಯಿ, ಜೋರ ಹೊಡೀತೇನಿ. ನಿನಗ ಆಗಂಗಿಲ್ಲ."

"ಚಕ್ಕಡ್ಯಾಗ ಓಡೂ ಎತ್ತು ಹಿಡದಾಕಿ ನಾ. ಹೊಡೀರಿ."

ಹುಣ್ಣಿಮೆಗೆ ಮೊದಲಿನ ದಿನಗಳು. ದೇವಿಯ ಗುಡ್ಡಕ್ಕೆ ಜಾತ್ರೆಗೆ ಹೊರಟ ಟ್ರ್ಯಾಕ್ಟರುಗಳು ಅರಿಶಿನದ ಭಂಡಾರ ಹಾರಿಸುತ್ತ ದಾರಿ ತುಂಬ ಸಾಲು ಹಿಡಿದಿದ್ದವು. ಹಾರ್ನ್ ಹೊಡೆದರೆ ಮೇಲೆ ಕುಂತವರು ಕೈ ಮುಗಿದು ಉಧೋ ಅನ್ನುತ್ತಿದ್ದರು, ದಾರಿ ಬಿಡುತ್ತಿರಲಿಲ್ಲ. ಎಡಕ್ಕೆ ಇಳಿದು, ಜಾಲಿಯ ಮಗ್ಗುಲಲ್ಲಿ ಮಣ್ಣಿನ ಮೇಲೆ ಗಾಡಿ ಓಡಿಸಿದೆ. ಆಯಿಯ ಕೈ ನನ್ನ ಹೆಗಲನ್ನು ಗಟ್ಟಿ ಹಿಡಿದಿತ್ತು.

ಒಂದು ಕಡೆ ಪೂರ್ತಿ ನಿಲ್ಲಬೇಕಾಯಿತು. ಆಗ ಕೇಳಿದಳು. "ಅಲ್ಲಿ ಹೋಗಿ ಏನ ಹೇಳ್ತೀರಿ?"

"ಒಂದ ಟಾಕಿ ಬಿಟ್ಟೈತಿ, ಹೊಲದು ಕೊಡ್ತೇವಿ ಅಂತೇನಿ. ಸೂಜಿ ಹೆಸರ ಎತ್ತೂದು ಬ್ಯಾಡ. ಎತ್ತಿದ್ರ ಕೆಲಸ ಹೋತು."

"ಹಂಗಂದ್ರ ಅವರೇನಂತಾರ ಗೊತ್ತೈತೇನು? ಒಂದ ಟಾಕಿ ಅಷ್ಟ ಅಲ್ಲನ, ಚಾ ಕುಡೀರಿ, ಕೂಸು ಎದ್ದ ಮ್ಯಾಲ ಕೊಡ್ತೇವಿ, ಅಂತಾರ."

ಮುಂದಿನ ಟ್ರ್ಯಾಕ್ಟರ್ ಕದಲಿತು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಅಧ್ಯಕ್ಷೆ ಎದುರಿಗೆ ಬಂದರು. ಮುಖ ಅರಳಿತ್ತು. "ಮಾಸ್ತರ, ಬಂದ್ರಿ? ಚಲೋ ಆತು. ಡಾಕ್ಟರ್ ಬಾಯಾರು ಒಪ್ಪಿದ್ರು. ನೋಡ ಬರ್ರಿ, ಕೌದಿ ಹೆಂಗ ಒಪ್ಪೈತಿ."

ಕೋಣೆಯಲ್ಲಿ ಬಾಣಂತಿ ಮಲಗಿದ್ದಳು. ಪಕ್ಕದ ಸಣ್ಣ ತೊಟ್ಟಿಲಲ್ಲಿ ನಮ್ಮ ಕೌದಿ, ಅದರ ಮೇಲೆ ಎರಡು ದಿನದ ಕೂಸು. ಹಸಿರು ತುಂಡು ಕಾಣಿಸಲಿಲ್ಲ. ಅದು ಕೂಸಿನ ಬೆನ್ನ ಕೆಳಗಿತ್ತು. ಕೂಸಿನ ಅಜ್ಜಿ ಮಂಚದ ತುದಿಗೆ ಕುಂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆಯಿ," ಅಂದೆ ಆ ಅಜ್ಜಿಗೆ, "ಒಂದ ಟಾಕಿ..."

"ಒಂದ ಟಾಕಿ ಅಷ್ಟ ಅಲ್ಲನಪಾ," ಅಂದಳು ಆಕೆ ನಗುತ್ತ. "ಕುಂಡರು. ಈಗಷ್ಟ ಮಕ್ಕೊಂಡೈತಿ. ಎದ್ದ ಮ್ಯಾಲ ನೋಡಿದ್ರಾತು."

ಸಿರಸಂಗಿಯ ಆಯಿ ನನ್ನ ಕಡೆ ನೋಡಲಿಲ್ಲ. ಕೂಸಿನ ಕಡೆ ನೋಡುತ್ತಿದ್ದಳು. ಕೂಸು ನಿದ್ದೆಯಲ್ಲಿ ಕಾಲು ಒದೆಯಿತು.

"ಕೂಸಿನ್ನ ಎತ್ರಿ," ಅಂದೆ. "ಈಗಿಂದೀಗ ಎತ್ರಿ. ಕೌದ್ಯಾಗ ಸೂಜಿ ತುದಿ ಉಳದೈತಿ. ಬೆನ್ನಿನ ಬುಡಕ."

ಬೆಳ್ಳುಳ್ಳಿ ನೆಲಕ್ಕೆ ಚೆಲ್ಲಿತು. ಅಜ್ಜಿ ಎರಡೂ ಕೈಯಿಂದ ಕೂಸನ್ನು ಮೇಲೆತ್ತಿದಳು. ಅದು ಚೀರಿತು. ಬಾಣಂತಿ ಎದ್ದು ಕುಂತಳು. ನರ್ಸ್ ಓಡಿ ಬಂದು ಅಂಗಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು. ಹೆಗಲ ಹಿಂದೆ ಒಂದು ಕೆಂಪು ಗುರುತು. ನರ್ಸ್ ಒದ್ದೆ ಹತ್ತಿಯಿಂದ ಒರೆಸಿದಳು. ಗುರುತು ಹತ್ತಿಗೆ ಬಂತು. ಅಜ್ಜಿಯ ಕೈಬೆರಳಿನ ಕುಂಕುಮ.

ಅಷ್ಟರಲ್ಲಿ ಸಿರಸಂಗಿಯ ಆಯಿ ಕೌದಿ ಎಳೆದುಕೊಂಡು ಗೋಡೆಗೆ ಹೊಂದಿ ನೆಲದ ಮೇಲೆ ಕುಂತಿದ್ದಳು. ನಡುವಿನಿಂದ ಎಣಿಸಿದಳು. ಒಂದು, ಎರಡು, ಮೂರು. ಮುಂಗೈ ಸವರಿದಳು. ಮತ್ತೆ ಸವರಿದಳು. ಸಣ್ಣ ಕತ್ತರಿಯಿಂದ ಏಳೆಂಟು ಟಾಕಿ ಕತ್ತರಿಸಿ, ಹಸಿರು ತುಂಡು ಎತ್ತಿ, ಉಗುರಿನಿಂದ ಒಳಗಿನ ಪದರ ಬಿಡಿಸಿದಳು. ಹೊಲಿಗೆಯ ಸಾಲಿನ ಗುಂಟ, ನೂಲಿನ ಹಾಗೇ ಮಲಗಿತ್ತು ಅದು. ಬೆರಳ ತುದಿಗೆ ಹತ್ತಿಸಿಕೊಂಡು ಎತ್ತಿ ತೋರಿಸಿದಳು. ಒಂದು ಕಾಗದದ ಮೇಲಿಟ್ಟು ನನ್ನ ಕಿಸೆಯಲ್ಲಿದ್ದ ತುಂಡಿಗೆ ಹೊಂದಿಸಿದೆ. ಮುರಿದ ಬಾಯಿಗೆ ಬಾಯಿ ಕೂಡಿತು.

ಅಧ್ಯಕ್ಷೆ ಗೋಡೆಗೆ ಕೈ ಹಚ್ಚಿ ನಿಂತಿದ್ದರು.

"ಯಾರದು ಈ ಕೈ?" ಅಂದಳು ಕೂಸಿನ ಅಜ್ಜಿ. ದನಿ ತಣ್ಣಗಿತ್ತು. "ಯಾವಾಕಿ ಹೊಲದಾಕಿ, ಹೆಸರ ಹೇಳ್ರಿ."

ಅಧ್ಯಕ್ಷೆ ಬಾಯಿ ತೆರೆದರು. ನಾನು ಅವರಿಗಿಂತ ಮೊದಲು ಹೇಳಿದೆ. "ಕೈ ಚಲೋ ಐತ್ರಿ. ಸೂಜಿ ಕೆಟ್ಟದ್ದು. ಸೂಜಿ ತಂದಾಂವ ನಾ. ಮುರೀತೈತಿ ಅಂತ ಈ ಆಯಿ ಮೊದಲ ಹೇಳಿದ್ಲು, ನಾ ಕೇಳಲಿಲ್ಲ. ಬೈಯೂದಿದ್ರ ನನಗ ಬೈರಿ."

ಅವಳು ಬೈದಳು. ಪೂರ್ತಿ ಬೈದಳು. ನಿಂತು ಕೇಳಿದೆ.

ಡಾಕ್ಟರ್ ಬಾಯಿಯವರು ಬಂದು ಕಾಗದದ ಮೇಲಿನ ಎರಡು ತುಂಡು ನೋಡಿದರು. "ಉಳಿದ ಹನ್ನೊಂದನ್ನ ನಾ ಹೆಂಗ ನಂಬಲಿ?" ಅಂದರು. ಚುಂಬಕದ ವಿಷಯ ಹೇಳಿದೆ, ಎರಡು ಹುಕ್ಕು ಸಿಕ್ಕದ್ದನ್ನೂ ಹೇಳಿದೆ. ಅವರು ಕಾಗದವನ್ನು ನನ್ನ ಕಡೆ ಸರಿಸಿದರು. "ಈಗ ಬ್ಯಾಡ. ಒಂದು ತಿಂಗಳು ಬಿಟ್ಟು ನಾನ ಮನೋಳಿಗೆ ಬರ್ತೇನಿ. ನೀವು ಕೆಲಸ ಹೆಂಗ ಮಾಡ್ತೀರಿ ಕುಂತು ನೋಡ್ತೇನಿ. ಆಮ್ಯಾಲ ಮಾತು," ಅಂದು ಹೋದರು.

ಬಿಚ್ಚಿದ ಹಸಿರು ತುಂಡು ಬಾಯಿ ತೆರೆದುಕೊಂಡೇ ಇತ್ತು. ಆಯಿ ತನ್ನ ಕೆಂಪು ಸುರುಳಿಯಿಂದ ಒಂದು ದಪ್ಪ, ಗಿಡ್ಡ ಸೂಜಿ ತೆಗೆದು ನೂಲು ಪೋಣಿಸಿದಳು. ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ನೆಲದ ಮೇಲೆ ನನ್ನೆದುರು ಇಟ್ಟಳು.

"ನೀವ ಮುಚ್ರಿ, ತಮ್ಮಾ."

ಅಷ್ಟು ದಿನದಲ್ಲಿ ಮೊದಲ ಸಲ ತಮ್ಮಾ ಅಂದಿದ್ದಳು. ಆ ಸೂಜಿಯನ್ನು ಬೆರಳ ನಡುವೆ ಒತ್ತಿ ನೋಡಿದೆ. ಬಗ್ಗಿತು, ಬಿಟ್ಟಾಗ ನೆಟ್ಟಗಾಯಿತು. ಎಂಟು ಟಾಕಿ ಹಾಕಿದೆ. ಇಪ್ಪತ್ತೆಂಟು ವರ್ಷದ ಟೇಲರ್ ಹಾಕಿದ ಎಂಟರಲ್ಲಿ ಮೂರು ಸೊಟ್ಟ. ಕೂಸಿನ ಅಜ್ಜಿ ಮೇಲಿನಿಂದ ನೋಡುತ್ತಿದ್ದಳು. ಕೊಟ್ಟಾಗ ಕೌದಿ ತೆಗೆದುಕೊಂಡಳು, ಆದರೆ ಕೂಸಿಗೆ ಹಾಸಲಿಲ್ಲ. ಮಡಚಿ ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕುಂತಳು. "ಮೊದಲ ನಾ ನಾಕ ದಿನ ಕುಂತು ನೋಡ್ತೇನಿ," ಅಂದಳು.

ತಿರುಗಿ ಬರುವಾಗ ಆಯಿಯ ಆ ಸ್ಟೀಲ್ ಡಬ್ಬಿ ಏನು ಅಂತ ಕೇಳಿದೆ. ಗಂಟಿನಿಂದ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗಲಗಲ ಅಂದಿತು. ಅವಳ ಜೀವಮಾನದ ಮುರಿದ ಸೂಜಿಗಳು. ಪ್ರತಿಯೊಂದಕ್ಕೂ ಎರಡು ತುಂಡು.

ತಿಂಗಳ ನಂತರ ಅದೇ ಪಡಸಾಲೆ. ಮೂಲೆಯಲ್ಲಿ ಡಾಕ್ಟರ್ ಬಾಯಿಯವರು ಕುರ್ಚಿಯ ಮೇಲೆ ಕುಂತಿದ್ದರು. ಒಬ್ಬೊಬ್ಬರ ಮುಂದೆ ಆರು ವಸ್ತು. ಬಗ್ಗುವ ಒಂದು ಸೂಜಿ, ಹತ್ತಿಯ ನೂಲು, ಸಣ್ಣ ಕತ್ತರಿ, ಮೇಣ, ಚರ್ಮದ ಪಟ್ಟಿ, ಮುಚ್ಚಳದ ಡಬ್ಬಿ. ಹೊಸ ಸೂಜಿ ಬೇಕಾದರೆ ಹಳೆಯದರ ಎರಡೂ ತುಂಡು ಡಬ್ಬಿಯಲ್ಲಿ ತೋರಿಸಬೇಕು. ಬಗ್ಗುವ ಸೂಜಿಯೂ ಒಮ್ಮೊಮ್ಮೆ ಮುರಿಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಚಟ್ ಅಂತ ಸಪ್ಪಳ ಕೇಳಿತು. ಸುರೇಬಾನದ ಸೊಸೆ ತಲೆ ಎತ್ತಿದಳು. ಒಂದು ಗಳಿಗೆ ಎಲ್ಲರ ಕೈ ನಿಂತವು. ಆಮೇಲೆ ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಮಾಸ್ತರ, ನಂದು ಮುರೀತ್ರಿ."

ಆಯಿ ಹೊಲಿಗೆಯಿಂದ ಕಣ್ಣು ಕೀಳಲಿಲ್ಲ. "ತುದಿ?"

ಡಬ್ಬಿಯೊಳಗೆ ಟಣ್ ಅಂತ ಒಂದು ಬಿತ್ತು. ಟಣ್ ಅಂತ ಇನ್ನೊಂದು.

"ಐತ್ರಿ ಆಯಿ," ಅಂದಳು.